ಕಚ್ಚಿಕೊಂಡ ಬ್ರೇಕು

ಇವತ್ತು ಬೆಳಿಗ್ಗೆ ಭಾರತೀನಗರದ ಹತ್ತಿರ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡು ತೆವಳುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಬ್ರೇಕು ಸುಟ್ಟ ವಾಸನೆ. ಹಳೆಯ ಕಾರಿನ ಸಹವಾಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಡದವರು ಕೂದಲು ಸೀದ ವಾಸನೆಗೆ ಕಾದ ಕಬ್ಬಿಣದ ಕಮಟು ಸ್ವಲ್ಪ ಬೆರೆಸಿಕೊಂಡರೆ ಸಾಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಹಾಗೆ ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು, ಸೀರೆಯ ನೆರಿಗೆ ಎತ್ತಿ ಹಿಡಿದು, ನಾಲ್ಕೂ ಚಕ್ರಗಳ ಹತ್ತಿರ ಬಗ್ಗಿ ಕೈಯಿಟ್ಟು ನೋಡಿದೆ. ಒಂದೂ ಬಿಸಿಯಿರಲಿಲ್ಲ. ವಾಸನೆ ಬಂದದ್ದು ಮುಂದಿದ್ದ ಲಾರಿಯಿಂದ. ಹಿಂದಿನ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಏನ್ ಮೇಡಂ, ಗಾಲಿಗೆ ಜ್ವರ ಬಂದದಾ?" ಅಂದ. ಬಸ್ಸಿನ ತುಂಬ ನನ್ನ ವಿದ್ಯಾರ್ಥಿಗಳೇ. ಎಲ್ಲ ನಕ್ಕರು, ನಾನೂ ನಕ್ಕೆ. ಆದರೆ ಕಾಲೇಜು ಮುಟ್ಟುವವರೆಗೂ ಕಿಟಕಿ ಇಳಿಸಿಕೊಂಡು ಆ ವಾಸನೆಯನ್ನೇ ಹುಡುಕುತ್ತ ಹೋದೆ.

ಗಾಬರಿ ಬೀಳುವುದು ನನಗೆ ದುದ್ದದ ತವರಿನಿಂದ ಬಂದ ಬಳುವಳಿ. ಹಾಲು ಉಕ್ಕುವುದಕ್ಕೆ ಮೊದಲೇ ಅಡುಗೆಮನೆಗೆ ಓಡುವ ಜನ ನಾವು. ನಾನು ಸೊಸೆಯಾಗಿ ಬಂದ ಪೂರಿಗಾಲಿಯ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ನನ್ನ ಮಾವನವರ ನಾಲಿಗೆಯ ಮೇಲೆ ಸದಾ ಕೂತಿರುತ್ತಿದ್ದ ಮಾತು 'ಬುಡತ್ಲಾಗೆ'. ಬಿಡು ಅತ್ತ ಕಡೆಗೆ ಎಂದು ಅದರ ಅರ್ಥ. ಅರ್ಥ ಅಷ್ಟೇ, ಆದರೆ ಅದು ಮಾಡುವ ಕೆಲಸ ಬಹಳ. ಕೊಟ್ಟಿಗೆಯ ಹೆಂಚು ಹಾರಿದರೆ ಬುಡತ್ಲಾಗೆ, ಮೋಟರು ಸುಟ್ಟರೆ ಬುಡತ್ಲಾಗೆ, ಬೀಗರು ಮುನಿಸಿಕೊಂಡು ಎದ್ದು ಹೋದರೂ ಬುಡತ್ಲಾಗೆ. ಅದನ್ನು ಕೇಳಿ ಕೇಳಿ ನನ್ನ ಎದೆಯ ಹೊಡೆತವೂ ಎಷ್ಟೋ ಸಲ ತಗ್ಗಿದ್ದುಂಟು. ಸುಳ್ಳೇಕೆ ಹೇಳಲಿ, ಮದುವೆಯಾದ ಹೊಸದರಲ್ಲಿ ಗಂಡನಿಗಿಂತ ಮೊದಲು ನನಗೆ ಇಷ್ಟವಾದವರು ಮಾವನವರೇ.

ಅವರು ಪಿ.ಟಿ. ಮೇಷ್ಟರಾಗಿ ನಿವೃತ್ತರಾದವರು. ಒಂದು ಕಾಲಕ್ಕೆ ಮಳವಳ್ಳಿ ಸೀಮೆಯಲ್ಲಿ ಹೆಸರಾದ ಕಬಡ್ಡಿ ಆಟಗಾರರು. ಅವರ ಕಾಲು ಯಾರ ಕೈಗೂ ಸಿಕ್ಕುತ್ತಿರಲಿಲ್ಲ ಎಂದು ಊರ ಹಿರಿಯರು ಈಗಲೂ ಹೇಳುತ್ತಾರೆ. ಪಂಚೆ ಎತ್ತಿ ಕಟ್ಟಿ ಮೀನಖಂಡ ತೋರಿಸುತ್ತಾ, "ಇದು ಅಕ್ಕಿ ಅನ್ನದ ಕಾಲಲ್ಲ ಕಣವ್ವ, ರಾಗಿ ಮುದ್ದೆ ಕಾಲು" ಅನ್ನುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಗುಳಿಗೆ ನುಂಗುತ್ತಿದ್ದರು. ಕಾಫಿಗೆ ಮಾತ್ರ ಬೆಲ್ಲ ಬೀಳಲೇಬೇಕು. ಕೇಳಿದರೆ, "ಡಾಕ್ಟ್ರು ಸಕ್ಕರೆ ಬುಡು ಅಂದ್ರು. ಬೆಲ್ಲ ಬುಡು ಅಂದ್ರಾ?" ಎಂಬ ವಾದ. ಕಬ್ಬಿನ ಸೀಮೆಯಲ್ಲಿ ಈ ವಾದಕ್ಕೆ ಎದುರಾಡುವವರು ಸಿಕ್ಕುವುದು ಕಷ್ಟ. ಆಲೆಮನೆಯಿಂದ ಬಿಸಿ ಬೆಲ್ಲ ಬಂದ ದಿನವಂತೂ ಅವರ ಕಾಫಿಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು.

ಈ ಕಾರು ಅವರ ನೌಕರಿಯ ನಡುಗಾಲದಲ್ಲಿ ಮನೆಗೆ ಬಂದದ್ದು. ಹಾಲಿನ ಕೆನೆಯ ಬಣ್ಣ, ದಪ್ಪ ತಗಡು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಡ್ರಮ್ ಬ್ರೇಕೆಂದರೆ ದೊಡ್ಡ ವಿಷಯವೇನಲ್ಲ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿಯೊಂದು, ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂ. ಪೆಡಲು ತುಳಿದರೆ ಶೂಗಳು ಅಗಲಿಸಿ ಡಬ್ಬಿಯನ್ನು ಒಳಗಿನಿಂದ ಹಿಡಿಯುತ್ತವೆ, ಬಿಟ್ಟರೆ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹಿಂದಕ್ಕೆ ಬಾರದೆ ಉಜ್ಜಿಕೊಂಡೇ ಇದ್ದರೆ ಬ್ರೇಕು ಕಚ್ಚಿಕೊಂಡಿದೆ ಎನ್ನುತ್ತಾರೆ. ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಇಷ್ಟೆಲ್ಲ ಹೇಗೆ ಗೊತ್ತು ಅಂದಿರಾ? ಭಯ ಒಳ್ಳೆಯ ಮೇಷ್ಟರು.

ನಿವೃತ್ತಿಯಾದ ಮೇಲೆ ಮಾವನವರಿಗೂ ಕೆಲಸವಿಲ್ಲ, ಕಾರಿಗೂ ಕೆಲಸವಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ನನ್ನನ್ನು ಮಳವಳ್ಳಿಯ ಮೇಲೆ ಭಾರತೀನಗರದ ಕಾಲೇಜಿಗೆ ಬಿಟ್ಟು ಬರುವುದನ್ನು ಅವರೇ ಮೈಮೇಲೆ ಹಾಕಿಕೊಂಡರು. ನಾನು ಪಕ್ಕದ ಸೀಟಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಲವು ವರ್ಷಗಳ ಹಿಂದೆ, ಕಬ್ಬು ಅರೆಯುವ ಕಾಲದಲ್ಲೇ, ಒಂದು ದಿನ ಕಾರು ಏಕೋ ಭಾರವಾದಂತೆ ಅನಿಸಿತು. ಎಂಜಿನ್ನು ಅರಚುತ್ತಿತ್ತು, ಗಾಡಿ ಮುಂದಕ್ಕೆ ಹೋಗಲೊಲ್ಲದು. ಆಮೇಲೆ ಆ ವಾಸನೆ. ಮಾವನವರು ನಿಲ್ಲಿಸಿ, ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಚಕ್ರದ ಮೇಲೆ ಚಿಮುಕಿಸಿದರು. ದೋಸೆಯ ಕಾವಲಿಗೆ ನೀರು ಬಿದ್ದ ಹಾಗೆ ಚುಂಯ್ ಎಂದಿತು. ನಾಲ್ಕೂ ಚಕ್ರ ಹಾಗೇ ಚುಂಯ್ ಎಂದವು.

"ಮಾವ, ಇದು ಬೆಂಕಿ ಹತ್ತಿಕೊಂಡ್ರೆ?" ಅಂದೆ.

"ಎಲ್ಲಾರ ಉಂಟಾ? ಬುಡತ್ಲಾಗೆ. ಗಾಡಿ ಅತ್ತು, ಓಗಾನ."

ನನ್ನ ಭಯ ಬೆಂಕಿಯದಷ್ಟೇ ಆಗಿರಲಿಲ್ಲ. ಹೀಗೆ ಕಾದು ಕೆಂಡವಾದ ಬ್ರೇಕು ಬೇಕಾದಾಗ ಹಿಡಿಯುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿಬಿಟ್ಟಿದ್ದರು. ಅಂದಿನಿಂದ ಉತ್ತರಪತ್ರಿಕೆ ಚೀಲದಿಂದ ಹೊರಗೆ ಬರಲಿಲ್ಲ. ರಸ್ತೆ ದಾಟುವ ಹೈಕಳು, ಹಗ್ಗ ಬಿಚ್ಚಿಕೊಂಡ ಕರು, ಬಸ್ಸಿಗೆ ಓಡುವ ಹೆಂಗಸರು, ಎಲ್ಲರೂ ಈ ಕಾರಿನ ಕೆಳಗೆ ಬೀಳಲೆಂದೇ ಕಾದು ನಿಂತವರಂತೆ ಕಾಣತೊಡಗಿದರು. ಮಾವನವರು ಬ್ರೇಕು ತುಳಿಯುವ ಮುನ್ನವೇ ನನ್ನ ಕಾಲು ನೆಲವನ್ನು ತುಳಿದಿರುತ್ತಿತ್ತು. ಬಸ್ಸಿಗೆ ಹೋಗುತ್ತೇನೆ ಎನ್ನಲು ಬಾಯಿ ಬರಲಿಲ್ಲ. ನಾನು ಬಸ್ಸಿಗೆ ಹೋದರೆ ಅವರೇನು ಕಾರು ನಿಲ್ಲಿಸುತ್ತಾರೆಯೇ? ಒಬ್ಬರೇ ಹೋಗುತ್ತಾರೆ. ಅದು ಇನ್ನೂ ಭಯ.

ಮಳವಳ್ಳಿಯ ನಂಜುಂಡ ನಮ್ಮ ಕಾರಿನ ಮೆಕ್ಯಾನಿಕ್ಕು. ಮಾವನವರ ಹಳೆಯ ಶಿಷ್ಯ. ಮೈದಾನದಲ್ಲಿ ಅವರ ಕೈಯಲ್ಲಿ ಪೆಟ್ಟು ತಿಂದವನಾದ್ದರಿಂದ ಅವರ ಎದುರಿಗೆ ಈಗಲೂ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾನೆ. ಮೊದಲು ಹ್ಯಾಂಡ್ ಬ್ರೇಕಿನ ಕೇಬಲ್ಲು ತುಕ್ಕು ಹಿಡಿದಿದೆ ಎಂದ. ಬಿಚ್ಚಿ ಗ್ರೀಸು ಹಚ್ಚಿದ. ಮಾರನೆಯ ದಿನ ಮತ್ತೆ ಚುಂಯ್. ಡ್ರಮ್ಮು ಬಿಚ್ಚಿದರೆ ಒಳಗೆ ಕಪ್ಪು ಪುಡಿಯ ರಾಶಿ. ಸ್ಪ್ರಿಂಗು ಸತ್ತುಹೋಗಿವೆ ಎಂದ, ಹೊಸದು ಹಾಕಿದ. ಮತ್ತೆ ಚುಂಯ್. ಶೂ ಬದಲಾಯಿಸಿದ, ಚಕ್ರಗಳ ಸಿಲಿಂಡರು ಬದಲಾಯಿಸಿದ, ಕೊನೆಗೆ ನಾಲ್ಕೂ ಚಕ್ರ ಒಟ್ಟಿಗೆ ಕಾಯುವುದಾದರೆ ತಪ್ಪು ಮೂಲದಲ್ಲೇ ಇದೆ ಎಂದು ಪೆಡಲಿನ ಹಿಂದಿನ ಮಾಸ್ಟರ್ ಸಿಲಿಂಡರನ್ನೂ ಕಿತ್ತು ಬೇರೆಯದು ಕೂರಿಸಿದ. ಪ್ರತಿ ಸಲವೂ ತಾನೇ ಭಾರತೀನಗರದವರೆಗೆ ಓಡಿಸಿಕೊಂಡು ಹೋಗಿ ಬಂದು, ಚಕ್ರದ ಮೇಲೆ ಕೈಯಿಟ್ಟು, "ತಣ್ಣಗವೆ ಮೇಸ್ಟ್ರೇ, ನೋಡಿ ಬೇಕಾರೆ" ಅನ್ನುತ್ತಿದ್ದ. ಮಾವನವರು ಅದೇ ದಾರಿಯಲ್ಲಿ ಓಡಿಸಿದರೆ ಹೊಗೆ.

"ನಾನ್ ಓಡ್ಸುದ್ರೆ ಇಡಿಯಕ್ಕಿಲ್ಲ, ನೀವ್ ಓಡ್ಸುದ್ರೆ ಇಡ್ಕತದೆ. ಇದು ಗಾಡಿದಲ್ಲ ಮೇಸ್ಟ್ರೇ, ದೃಷ್ಟಿದು," ಎಂದು ಕೊನೆಗೆ ನಂಜುಂಡ ಕೈ ಒರೆಸಿಕೊಂಡ.

ಈ ಮಾತು ಅತ್ತೆಗೆ ಹಿಡಿಸಿತು. ಅದೇ ಸಂಜೆ ಬೂದುಗುಂಬಳ ನಿವಾಳಿಸಿ ಒಡೆದರು, ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ನನ್ನ ಗಂಡ ಮಂಡ್ಯದ ಕೆಲಸದಿಂದ ಬಂದವನು ನೋಡಿ, "ಗುಜರಿಗಾಕಿ ಅಪ್ಪ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಮಾವನವರು ಅವನ ಜೊತೆ ಮೂರು ದಿನ ಮಾತಾಡಲಿಲ್ಲ.

ಇನ್ನೊಂದು ಸಂಗತಿ. ನಮ್ಮೂರಿನ ಹುಡುಗನೊಬ್ಬ ಬೈಕಿನಲ್ಲಿ ಹಿಂದೆ ಬಂದವನು, "ಮೇಸ್ಟ್ರೇ, ನಿಮ್ಮ ಹಿಂದಿನ ಕೆಂಪು ಲೈಟು ಆರೋದೇ ಇಲ್ಲ" ಎಂದಿದ್ದ. ಬ್ರೇಕು ತುಳಿದಾಗ ಮಾತ್ರ ಹತ್ತಬೇಕಾದ ಲೈಟು ಅದು. ಅದು ಯಾಕೆ ಸದಾ ಉರಿಯುತ್ತಿದೆ ಎಂದು ಒಬ್ಬರಾದರೂ ಯೋಚಿಸಬೇಕಿತ್ತು. ಬ್ಯಾಟರಿ ದಂಡ ಎಂದು ನಂಜುಂಡ ಆ ಲೈಟಿನ ವೈರನ್ನೇ ಕಿತ್ತು ಟೇಪು ಸುತ್ತಿದ. ಮಾವನವರು ಶಹಬ್ಬಾಸ್ ಅಂದರು. ನಾನೂ ಅಂದೆ. ಸತ್ಯ ಹೇಳುತ್ತಿದ್ದ ಒಂದು ಬಾಯಿಯನ್ನೂ ಹೀಗೆ ನಾವೆಲ್ಲ ಸೇರಿ ಮುಚ್ಚಿದೆವು.

ಅದಾದ ಕೆಲವೇ ದಿನಗಳಲ್ಲಿ ನಾನು ಹೆದರಿದ್ದು ನಡೆದೇಬಿಟ್ಟಿತು. ಮಳವಳ್ಳಿ ದಾಟಿ ಇಳಿಜಾರಿನಲ್ಲಿ ಹೋಗುತ್ತಿದ್ದೆವು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ಏಕಾಏಕಿ ನಿಂತಿತು. ಮಾವನವರು ಬ್ರೇಕು ತುಳಿದರು. ಕಾರು ನಿಲ್ಲಲಿಲ್ಲ. ಇನ್ನೂ ತುಳಿದರು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಎದ್ದು ನಿಂತವರಂತೆ ತುಳಿದರು. ಗೇರು ಇಳಿಸಿದರು, ಹ್ಯಾಂಡ್ ಬ್ರೇಕು ಎಳೆದರು. ಕಬ್ಬಿನ ತುದಿಗಳು ಮುಂದಿನ ಗಾಜನ್ನು ಕೆರೆದ ಶಬ್ದ ಕೇಳಿಸಿತು. ಆಗ ಕಾರು ನಿಂತಿತು. ನಾನು ಕಣ್ಣು ಬಿಟ್ಟಾಗ ಕಬ್ಬಿನ ಗರಿಯೊಂದು ವೈಪರಿಗೆ ಸಿಕ್ಕಿ ಅಲ್ಲಾಡುತ್ತಿತ್ತು. ಮಾವನವರು ಬುಡತ್ಲಾಗೆ ಅನ್ನುತ್ತಾರೆ ಎಂದು ಕಾದೆ. ಅವರು ಏನೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

ಅಷ್ಟಾದರೂ ಮುಂದಿನ ಭಾನುವಾರ ಮದ್ದೂರಿಗೆ ಹೊರಟೆವು. ನೆಂಟರ ಮನೆಯ ನಾಮಕರಣ. ನಂಜುಂಡ ಎಲ್ಲವನ್ನೂ ಇನ್ನೊಮ್ಮೆ ಬಿಚ್ಚಿ ಜೋಡಿಸಿದ್ದ, ಹೋಗಲೇಬೇಕು ಎಂದು ಮಾವನವರ ಹಟ. ಅತ್ತೆ ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದರು. ದಾರಿಯುದ್ದಕ್ಕೂ ಅದೇ ಅರಚಾಟ, ಅದೇ ವಾಸನೆ. ಮದ್ದೂರು ಮುಟ್ಟಿದಾಗ ನಡು ಮಧ್ಯಾಹ್ನ. "ಊಟ ಎಷ್ಟೊತ್ತಿಗೋ ಏನೋ, ಒಂದೊಂದು ವಡೆ ತಿನ್ನವ ನಡಿ" ಎಂದು ಮಾವನವರು ಹೋಟೆಲಿನ ಎದುರು ಬದಿಗೆ ಕಾರು ನಿಲ್ಲಿಸಿ ಇಳಿದು ಹೊರಟರು. ಮಗುವಿಗೆ ತಂದ ಬಟ್ಟೆಯ ಚೀಲ ಮಾವನವರ ಸೀಟಿನ ಹಿಂದೆ ಬಿದ್ದಿತ್ತು. ನಾನು ಸುತ್ತಿ ಬಂದು ಅವರ ಬದಿಯ ಬಾಗಿಲು ತೆಗೆದು ಬಗ್ಗಿದೆ.

ಪೆಡಲುಗಳ ಸಂದಿಯಲ್ಲಿ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು. ಮಾವನವರ ಎಡಗಾಲಿನ ಚಪ್ಪಲಿ. ಅರ್ಧ ಕ್ಲಚ್ಚಿನ ಪಕ್ಕದಲ್ಲಿ, ಅರ್ಧ ಬ್ರೇಕಿನ ಮೇಲೆ. ಬ್ರೇಕಿನ ಪೆಡಲು ಇನ್ನೂ ಒಂದಿಷ್ಟು ಅಮುಕಿಕೊಂಡೇ ಇತ್ತು.

ತಲೆಯೆತ್ತಿ ನೋಡಿದೆ. ಮಾವನವರು ರಸ್ತೆ ದಾಟುತ್ತಿದ್ದರು. ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿಗಾಲು. ಟಾರು ಕಾದು ಮಿದುವಾಗಿತ್ತು, ನಾಯಿಗಳು ಕೂಡ ಹೋಟೆಲಿನ ನೆರಳಿಗೆ ಹೋಗಿ ಮಲಗಿದ್ದವು. ಅವರು ಆ ಟಾರಿನ ಮೇಲೆ, ಪಂಚೆ ಎತ್ತಿ ಹಿಡಿದು, ಬಸ್ಸೊಂದಕ್ಕೆ ದಾರಿ ಬಿಡಲು ನಡುವೆ ನಿಂತು, ಮತ್ತೆ ನಿಧಾನವಾಗಿ ನಡೆದು ಆ ಕಡೆ ಸೇರಿದರು. ಸುಟ್ಟಿತೆಂದು ಒಂದು ಸಲವೂ ಆ ಕಾಲನ್ನು ಚಕ್ಕನೆ ಎತ್ತಲಿಲ್ಲ.

ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಅವರು ಆಗಲೇ ವಡೆಗೆ ಹೇಳಿ ಕೂತಿದ್ದರು. "ಮಾವ, ಕಾಲು ಸುಡಲಿಲ್ವಾ?" ಅಂದೆ.

"ಯಾವ ಕಾಲು?" ಅಂದರು. ಬಗ್ಗಿ ನೋಡಿಕೊಂಡರು. ಬೇರೆ ಯಾರದೋ ಕಾಲನ್ನು ನೋಡುವಂತೆ ಬಹಳ ಹೊತ್ತು ನೋಡಿದರು. "ಚಪ್ಲಿ ಎಲ್ ಬುಟ್ಟೆ ನಾನು?"

"ಬ್ರೇಕಿನ ಮೇಲೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾವು ಇಷ್ಟು ದಿನ ಕಾರನ್ನು ಬಿಚ್ಚುತ್ತಿದ್ದೆವು. ಕ್ಲಚ್ಚು ತುಳಿದು ಬಿಟ್ಟ ಎಡಗಾಲು ವಿಶ್ರಾಂತಿಗೆಂದು ಪಕ್ಕಕ್ಕೆ ಜರುಗಿದಾಗ ಅದರ ಅಂಚು ಬ್ರೇಕಿನ ಮೇಲೆ ಕೂರುತ್ತಿತ್ತು. ಆ ಕಾಲಿಗೆ ಅದು ಗೊತ್ತಾಗುತ್ತಿರಲಿಲ್ಲ. ವಡೆ ಬಂತು. ಮಾವನವರು ಅದನ್ನು ಮುರಿದರು, ತಿನ್ನಲಿಲ್ಲ. ಆಮೇಲೆ ಪಂಚೆಯ ಮಡಿಲಿಂದ ಕಾರಿನ ಕೀ ತೆಗೆದು ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟರು.

ಲೈಸೆನ್ಸು ಇತ್ತೇ ಹೊರತು ನಾನು ಅಲ್ಲಿಯವರೆಗೆ ಓಡಿಸಿದ್ದು ಊರ ಕೆರೆಯ ಏರಿಯವರೆಗೆ. ನಾಮಕರಣ ಮುಗಿಸಿಕೊಂಡು ಅತ್ತೆಯನ್ನು ಹಿಂದೆ ಕೂರಿಸಿಕೊಂಡು, ಬೆವರುತ್ತ, ಎಂಜಿನ್ನು ಎರಡು ಸಲ ನಿಲ್ಲಿಸಿಕೊಂಡು ಹೊರಟೆ. ಕಾರು ಬೆಣ್ಣೆಯಲ್ಲಿ ಜಾರಿದ ಹಾಗೆ ಓಡಿತು. ಅರಚಾಟವಿಲ್ಲ, ವಾಸನೆಯಿಲ್ಲ. ಒಂದಿಷ್ಟಾದರೂ ವಾಸನೆ ಬರಲಿ ದೇವರೇ ಎಂದು ನಾನು ಬೇಡಿಕೊಂಡೆ. ಬರಲಿಲ್ಲ. ಮಳವಳ್ಳಿಯ ದೀಪಗಳು ಕಾಣುವ ಹೊತ್ತಿಗೆ ಮಾವನವರು ಕಿಟಕಿಯ ಆಚೆ ನೋಡುತ್ತಲೇ, "ಬ್ರೇಕು ಬುಟ್ಕತು ಕಣವ್ವ" ಅಂದರು. ಹಿಂದಿನಿಂದ ಅತ್ತೆ, "ನಾನ್ ಹೇಳ್ನಿಲ್ವಾ, ಕುಂಬಳಕಾಯಿ ಒಡುದ್ರೆ ಬುಡ್ತದೆ ಅಂತ?" ಅಂದರು. ನಾನು ಗೇರು ಬದಲಾಯಿಸಿದೆ.

ಮಂಡ್ಯದ ಡಾಕ್ಟರು ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಚುಚ್ಚುತ್ತ, "ಗೊತ್ತಾಗುತ್ತಾ?" ಎಂದು ಕೇಳುತ್ತ ಹೋದರು. ಮಾವನವರು, "ಊಂ, ಗೊತ್ತಾಯ್ತದೆ" ಅನ್ನುತ್ತಿದ್ದರು. ಕಣ್ಣು ಮುಚ್ಚಿ ಎಂದರೆ ಮುಚ್ಚಿದ ಹಾಗೆ ಮಾಡಿ ರೆಪ್ಪೆಯ ಸಂದಿಯಿಂದ ಡಾಕ್ಟರ ಕೈಯನ್ನೇ ನೋಡುತ್ತಿದ್ದರು. ಜೀವಮಾನವಿಡೀ ಪರೀಕ್ಷೆಯ ಕೋಣೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದು ಕಿವಿ ಹಿಂಡಿದವರು. ಡಾಕ್ಟರು ಕೊನೆಗೆ ಮುಟ್ಟದೆಯೇ, "ಈಗ?" ಅಂದರು. "ಊಂ, ಈಗ್ಲೂವೆ." ಡಾಕ್ಟರು ನನ್ನ ಮುಖ ನೋಡಿದರು. ಬೆರಳ ಸಂದಿಯಲ್ಲಿ ನಮಗಾರಿಗೂ ತಿಳಿಯದ ಹಳೆಯ ಗಾಯವೊಂದು ಒಳಗೊಳಗೇ ಕೀವು ಕಟ್ಟಿತ್ತು. ಮದ್ದೂರಿನ ಟಾರು ಎಬ್ಬಿಸಿದ ಬೊಬ್ಬೆ ಬೇರೆ. ಸಕ್ಕರೆ ಕಾಯಿಲೆಗೆ ಕಾಲಿನ ನರ ಸತ್ತಿವೆ, ದಿನಾ ಅಂಗಾಲು ನೋಡಬೇಕು, ಕಣ್ಣಿಗೆ ಕಂಡರೆ ಉಂಟು, ನೋವು ಎಂದು ಆ ಕಾಲು ಎಂದೂ ಹೇಳುವುದಿಲ್ಲ, ನೋಡದಿದ್ದರೆ ಕಾಲನ್ನೇ ತೆಗೆಯಬೇಕಾಗಿ ಬರಬಹುದು ಎಂದು ಡಾಕ್ಟರು ಬಾಗಿಲ ಹೊರಗೆ ನನಗೆ ಹೇಳಿದರು.

ನೋಡುವವರು ಯಾರು? ಮಾವನವರಿಗೆ ಹೊಟ್ಟೆ ಅಡ್ಡ ಬರುತ್ತದೆ, ಬಗ್ಗಿದರೂ ಅಂಗಾಲು ಕಾಣದು. ಅತ್ತೆಯ ಕಣ್ಣಿಗೆ ಪೊರೆ. ಗಂಡ ಮೊದಲ ಬಸ್ಸಿಗೆ ಮನೆ ಬಿಡುವವನು. ಉಳಿದವಳು ನಾನು. "ಮಾವ, ಕಾಲು ತೋರಿಸಿ" ಎಂದದ್ದಕ್ಕೆ, "ಸೊಸೆ ಕೈಲಿ ಕಾಲು ಇಡುಸ್ಕಬೇಕಾ ನಾನು? ಚೆನ್ನಾಗದೆ, ಬುಡು" ಎಂದು ಎದ್ದೇ ಹೋದರು. ಗಾಯ ಒಣಗಿದ ಮೇಲಂತೂ ಆ ಮಾತೇ ಎತ್ತಕೂಡದು. ಕಾಲು ಯಾರ ಕೈಗೂ ಸಿಕ್ಕದ ಆಟಗಾರರಲ್ಲವೇ.

ಆಗ ನನಗೆ ಹೊಳೆದ ಉಪಾಯವನ್ನು ಕೇಳಿ ನೀವು ನಗಬಹುದು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಮಾವನವರ ಕಾಲಿಗೆ ಅಡ್ಡಬೀಳತೊಡಗಿದೆ. ಹಬ್ಬದ ದಿನವೂ ಗಡಿಬಿಡಿಯಲ್ಲಿ ಕೈಮುಗಿದು ಓಡುತ್ತಿದ್ದವಳು ನಾನು. ಅವರು ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿರುವ ಹೊತ್ತನ್ನೇ ನೋಡಿಕೊಂಡು ಹೋಗಿ, ಎರಡೂ ಪಾದ ಹಿಡಿದು, ಹಣೆಯೂರಿ, ಏಳುವಾಗ ಅಂಗಾಲಿನ ಮೇಲೆ, ಬೆರಳ ಸಂದಿಗಳಲ್ಲಿ ಕಣ್ಣಾಡಿಸುತ್ತಿದ್ದೆ. ಬಿರುಕು ಕಂಡರೆ ಸಂಜೆ ಅತ್ತೆಯ ಕೈಯಲ್ಲಿ ಎಣ್ಣೆ ಹಚ್ಚಿಸುವುದು, ಕೆಂಪಗೆ ಕಂಡರೆ ಗಂಡನ ಕಿವಿಗೆ ಹಾಕಿ ಡಾಕ್ಟರಿಗೆ ಫೋನು ಮಾಡಿಸುವುದು. ಮಾವನವರು ಗಂಭೀರವಾಗಿ, "ಚೆನ್ನಾಗಿರು" ಅನ್ನುತ್ತಿದ್ದರು. ಅತ್ತೆ, "ಇವ್ಳಿಗೇನ್ ಬಂತು? ದಿನಾ ಅಡ್ಬೀಳ್ತಾಳೆ. ತನ್ ಹೆಸ್ರಿಗೆ ತ್ವಾಟ ಬರುಸ್ಕಳಕಾ?" ಎಂದು ಪಕ್ಕದ ಮನೆಯವರ ಹತ್ತಿರ ಅಂದರಂತೆ. ಊರಲ್ಲಿ ನನಗೆ ಗುಣವಂತೆ ಎಂಬ ಹೆಸರು ಬಂದು, ನಾಲ್ಕಾರು ಸೊಸೆಯರು ನನ್ನನ್ನು ಕಂಡರೆ ಮುಖ ತಿರುಗಿಸುವಂತಾಯಿತು. ಇದು ವರ್ಷಗಳಿಂದ ನಡೆದಿದೆ. ಇದರಿಂದ ಒಂದು ಹೆಬ್ಬೆರಳು, ಪ್ರಾಯಶಃ ಒಂದು ಕಾಲು ಉಳಿದಿದೆ. ನನ್ನ ಗಾಬರಿಯಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅದು ಇಷ್ಟೇ.

ಇವತ್ತು ಬೆಳಿಗ್ಗೆ ಪರೀಕ್ಷೆಯ ಕೆಲಸವಿತ್ತು. ಅಡ್ಡಬೀಳದೆ ಹೊರಟುಬಿಟ್ಟಿದ್ದೆ. ಆ ವಾಸನೆ ಬಡಿದ ಮೇಲೆ ದಿನವಿಡೀ ಅದೇ ಯೋಚನೆ. ತರಗತಿಯಲ್ಲಿ ಬೇಡಿಕೆಯ ರೇಖೆ ಎಳೆಯುತ್ತ ಎರಡು ಸಲ ತಪ್ಪು ಎಳೆದೆ. ಸಂಜೆ ಮನೆಗೆ ಬಂದಾಗ ಮಾವನವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಲು ತೊಳೆದು ಒರೆಸಿಕೊಂಡಿದ್ದರು. ನಾನು ಚೀಲ ಇಳಿಸುವ ಮೊದಲೇ ಎರಡೂ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ, ಅಂಗಾಲು ನನ್ನ ಕಡೆ ತಿರುಗಿಸಿದರು.

"ಬೆಳಿಗ್ಗೆ ನೋಡ್ದೇ ಓದೆ," ಅಂದರು.

ಅಡ್ಡಬೀಳದೆ ಹೋದೆ ಅನ್ನಲಿಲ್ಲ. ನೋಡದೆ ಹೋದೆ ಅಂದರು. "ಮಾವ, ಅದು..." ಅಂದೆ.

"ದಿನಾ ಅಡ್ಬೀಳೋಳು ಮಕ ನೋಡಿ ಏಳ್ತಾಳೆ. ನೀನು ಒಂದಿನನಾರ ನನ್ ಮಕ ನೋಡಿದ್ದೀಯಾ? ಅಷ್ಟೂ ಗೊತ್ತಾಗಕ್ಕಿಲ್ವಾ ನಂಗೆ? ಬಾ, ಕೂತ್ಕ."

ನೆಲದ ಮೇಲೆ ಕೂತೆ. ಎಡಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ, ಮೊದಲ ಸಲ, ಯಾವ ನೆಪವೂ ಇಲ್ಲದೆ. ಸಂಜೆ ಬೆಳಕಿನಲ್ಲಿ ಅಂಗಾಲನ್ನೂ ಬೆರಳ ಸಂದಿಗಳನ್ನೂ ನಿಧಾನವಾಗಿ ನೋಡಿದೆ. ಏನೂ ಇರಲಿಲ್ಲ. ಇಳಿಸಲು ಹೋದೆ.

"ತಡಿ," ಅಂದರು. "ಆ ಡಾಕ್ಟ್ರು ಮಾಡ್ದಂಗೆ ಒಂದ್ಸಲಿ ಒತ್ತಿ ನೋಡು. ಈ ಸಲ ನೋಡಕ್ಕಿಲ್ಲ." ಹೆಗಲ ಮೇಲಿನ ಟವೆಲು ತೆಗೆದು ಕಣ್ಣಿಗೆ ಮುಚ್ಚಿಕೊಂಡು ತಲೆಯನ್ನು ಹಿಂದಕ್ಕೆ ಒರಗಿಸಿದರು.

ಹೆಬ್ಬೆರಳನ್ನು ಅಂಗಾಲಿನ ನಡುವೆ ಊರಿ ಒತ್ತಿದೆ. ಕಾಲು ಮಿಸುಕಲಿಲ್ಲ. ಇನ್ನೂ ಒತ್ತಿದೆ, ನನ್ನ ಉಗುರು ಬೆಳ್ಳಗಾಗುವಷ್ಟು. ಅವರು ಉಸಿರು ಬಿಗಿಹಿಡಿದು, ಕಿವಿಗೊಟ್ಟು ಕೇಳುವವರಂತೆ ಕಾಯುತ್ತಿದ್ದರು.

"ಒತ್ತುದ್ಯಾ ಮಗ?" ಅಂದರು.

"ಒತ್ತಿದ್ದೀನಿ ಮಾವ," ಅಂದೆ.

ಟವೆಲು ತೆಗೆಯದೆ ತಲೆಯಾಡಿಸಿದರು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.